ಹೊಣೆಯಿಲ್ಲದ ಶಿಫಾರಸು

"ಈ ಕಲ್ಕತ್ತೆಯಲ್ಲಿ ನನ್ನ ಸಹಿ ಬಿದ್ದ ಕಾಗದ ಇವತ್ತಿನವರೆಗೆ ಒಂದೇ ಒಂದು ವಾಪಸು ಬಂದದ್ದಿಲ್ಲ, ಇನ್ನು ಬರುವುದೂ ಇಲ್ಲ" ಎಂದು ಕೃಷ್ಣರಾಜ ರಾಯರು ಕಸ್ಬಾ ಬಡಾವಣೆಯ ಪಾಜಕ ಟಿಫಿನ್ ರೂಮಿನ ಮೊದಲನೇ ಮೇಜಿನಿಂದ ಘೋಷಿಸಿದಾಗ, ಒಳಗೆ ಕಾವಲಿಯ ಮುಂದೆ ನಿಂತಿದ್ದ ವೇದವತಿಗೆ ಆ ಮಾತನ್ನು ನಂಬದೆ ಬೇರೆ ದಾರಿ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಸಹಿಯೇ.

ರಾಯರು ಕುಂದಾಪುರದ ಕಡೆಯವರು. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ದುಡಿದು ಚೀಫ್ ಮ್ಯಾನೇಜರಾಗಿ ನಿವೃತ್ತರಾಗಿ, ಈಗ ಕನ್ನಡ ಸಂಘದ ಅಧ್ಯಕ್ಷರಾಗಿದ್ದರು. ಸಂಘದ ದುಂಡು ಠಸ್ಸೆ ಸದಾ ಅವರ ಜೇಬಿನಲ್ಲಿರುತ್ತಿತ್ತು. ಅದನ್ನು ಅವರು ಒತ್ತಿದ ರಭಸಕ್ಕೆ ಕಾಳಿಘಾಟಿನ ಪಾರಿವಾಳಗಳು ಎದ್ದು ಹಾರಿ, ಹೂಗ್ಲಿ ನದಿ ದಾಟಿ, ಮೂರನೆಯ ದಿನ ಗಲಾಟೆ ಮುಗಿಯಿತೇ ಎಂದು ವಿಚಾರಿಸಿಕೊಂಡು ವಾಪಸು ಬರುತ್ತಿದ್ದವು. ಇನ್ನೊಬ್ಬರನ್ನು ಹೊಗಳುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ನೋವು. ಮದುವೆಯ ದಿನ ಹೆಂಡತಿ ಸುಗಂಧಿ ಉಟ್ಟಿದ್ದ ಸೀರೆಯ ಬಗ್ಗೆ ಅವರ ಅಭಿಪ್ರಾಯ ನಲವತ್ತು ವರ್ಷವಾದರೂ ಪರಿಶೀಲನೆಯಲ್ಲೇ ಇತ್ತು.

ವೇದವತಿಗೂ ಅವರಿಗೂ ಬದ್ಧದ್ವೇಷ. ಐದು ವರ್ಷದ ಹಿಂದೆ ಸಂಘದ ರಾಜ್ಯೋತ್ಸವದ ಊಟ ಪಾಜಕದಿಂದಲೇ ಹೋಗಿತ್ತು. ರಾಯರು ಮೈಕು ಹಿಡಿದು, "ಪಾಯಸದ ಗೋಡಂಬಿಗಿಂತ ಸಂಘದ ಸದಸ್ಯರೇ ಜಾಸ್ತಿ ಇದ್ದಾರೆ" ಎಂದುಬಿಟ್ಟರು. ವೇದವತಿ ಸೌಟು ಹಿಡಿದೇ ವೇದಿಕೆ ಹತ್ತಿ ಮೈಕು ಕಸಿದುಕೊಂಡು, "ಗೋಡಂಬಿ ಬಂದು ಪಾಯಸದಲ್ಲಿ ಕೆಲಸ ಮಾಡ್ತದೆ ರಾಯರೆ, ಸದಸ್ಯರು ಊಟಕ್ಕೆ ಮಾತ್ರ ಬರ್ತಾರೆ" ಎಂದಳು. ಅಂದಿನಿಂದ ಇಬ್ಬರ ನಡುವೆ ಒಳ್ಳೆಯ ಮಾತು ನಿಂತಿತು, ಕೆಟ್ಟ ಮಾತು ಮಾತ್ರ ದಿನವೂ ನಡೆಯಿತು. ರಾಯರು ಬೆಳಗಿನ ಏಳಕ್ಕೆ ಬಂದು ಮೊದಲ ಇಡ್ಲಿ ತಿನ್ನುವುದನ್ನು ಬಿಡಲಿಲ್ಲ. ಹತ್ತೊಂಬತ್ತು ವರ್ಷದ ಅಭ್ಯಾಸ. ಇಡ್ಲಿಯನ್ನು ಬೆರಳಲ್ಲಿ ಒತ್ತಿ ನೋಡುವರು, ಸಾಂಬಾರಿಗೆ ಮೂಗು ಹಿಡಿಯುವರು, ಕೊನೆಗೆ ತಟ್ಟೆಯನ್ನು ಬೆಕ್ಕು ಕೂಡ ನಾಚುವ ಹಾಗೆ ಖಾಲಿ ಮಾಡಿ, "ಪರವಾಗಿಲ್ಲ" ಎನ್ನುವರು.

ವೇದವತಿ ಹಿರಿಯಡ್ಕದವಳು. ಸಂಸ್ಕೃತದಲ್ಲಿ ಬಿ.ಎ. ಮುಗಿಸಿ, ಫಲಿತಾಂಶ ಬರುವುದರೊಳಗೆ ರಘುಪತಿಯನ್ನು ಮದುವೆಯಾಗಿ ಕಲ್ಕತ್ತೆಯ ರೈಲು ಹತ್ತಿದವಳು. ಇಪ್ಪತ್ತೈದು ವರ್ಷದಲ್ಲಿ ಅವಳು ಹುಯ್ದ ದೋಸೆಗಳನ್ನು ಒಂದರ ಪಕ್ಕ ಒಂದಿಟ್ಟರೆ ಸಿಯಾಲ್ದಾ ಸ್ಟೇಷನ್ನಿನಿಂದ ಉಡುಪಿಯ ರಥಬೀದಿಯವರೆಗೆ ಕಾಲಿಗೆ ಮಣ್ಣು ತಾಗದೆ ನಡೆಯಬಹುದಿತ್ತು. ಸಂಸ್ಕೃತ ಮಾತ್ರ ಅಕ್ಕಿ ಡಬ್ಬಿಯ ತಳದ ನಾಲ್ಕು ಕಾಳಿನ ಹಾಗೆ ಉಳಿದಿತ್ತು.

ಆರು ವರ್ಷದ ಹಿಂದೆ ರೂತಾ ಎಂಬ ಹೆಂಗಸು ಟಿಫಿನ್ ರೂಮಿಗೆ ಬಂದಳು. ಯುರೋಪಿನ ಬಾಲ್ಟಿಕ್ ಕಡಲ ದಂಡೆಯಲ್ಲಿರುವ ಲಿಥುವೇನಿಯಾದವಳು. ಇಲ್ಲಿನ ವಿಶ್ವವಿದ್ಯಾಲಯಕ್ಕೆ ಸಂಸ್ಕೃತ ಓದಲು ಬಂದಿದ್ದಳು. ಮೀನಿನ ವಾಸನೆ ಆಗದ ಕಾರಣ ಇಡೀ ಬಂಗಾಳದಲ್ಲಿ ಅವಳಿಗೆ ಉಸಿರಾಡಲು ಸಿಕ್ಕ ಜಾಗ ಪಾಜಕ ಒಂದೇ. ಒಂದು ದಿನ ಕಾವಲಿಯ ಮೇಲಿನ ಹೊಗೆ ನೋಡಿ ಅವಳು, "ದೂಮಸ್" ಎಂದಳು. ವೇದವತಿ ತಿರುಗಿ ನೋಡಿದಳು. ಧೂಮ! ಕೆಳಗಿನ ಬೆಂಕಿ ತೋರಿಸಿ, ಇದಕ್ಕೆಂತ ಎಂದು ಕೇಳಿದರೆ, "ಉಗ್ನಿಸ್" ಎಂದಳು. ಅಗ್ನಿ! ಅವತ್ತು ಹನ್ನೊಂದು ದೋಸೆ ಕರಟಿಹೋದವು. ಗಿರಾಕಿಗಳು ಕೂಗಿದರು, ರಘುಪತಿ ಕೂಗಿದ, ವೇದವತಿಗೆ ಏನೂ ಕೇಳಿಸಲಿಲ್ಲ. ಏಳು ಸಮುದ್ರದಾಚೆ ಯಾರೋ ಅವಳ ಅಡುಗೆಮನೆಯ ಮಾತಾಡುತ್ತಿದ್ದರು.

ರೂತಾ ಎರಡು ಚಳಿಗಾಲ ವೇದವತಿಗೆ ತನ್ನ ಭಾಷೆ ಕಲಿಸಿ ಊರಿಗೆ ಹೋದಳು. ವೇದವತಿ ಅಷ್ಟಕ್ಕೆ ಬಿಡಲಿಲ್ಲ. ನಲವತ್ತೈದನೆಯ ವಯಸ್ಸಿನಲ್ಲಿ ಭಾಷಾವಿಜ್ಞಾನದ ಎಂ.ಎ.ಗೆ ಸೇರಿದಳು, ಐಚ್ಛಿಕ ವಿಷಯ ಲಿಥುವೇನಿಯನ್. ಮಗಳು ಮಾನ್ಯ ಬೇರೆ ಕಾಲೇಜಿನಲ್ಲಿ ಓದುತ್ತಿದ್ದುದು ಅದೃಷ್ಟ. ಒಂದೇ ಕಡೆಯಾಗಿದ್ದರೆ ಮಗಳು ನಾಚಿಕೆಯಿಂದ ಪ್ರಾಣ ಬಿಡುತ್ತಿದ್ದಳು. ಎರಡನೆಯ ವರ್ಷ ನೋಟಿಸ್ ಬೋರ್ಡಿನಲ್ಲಿ ಒಂದು ಪ್ರಕಟಣೆ ಬಂತು: ಸ್ಕ್ಯಾಂಡಿನೇವಿಯಾ ಮತ್ತು ಬಾಲ್ಟಿಕ್ ದೇಶಗಳ ಭಾಷೆ, ಸಂಸ್ಕೃತಿ ಓದುವ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ, ಆಯ್ಕೆಯಾದವರಿಗೆ ನಾಲ್ಕು ತಿಂಗಳು ಅಲ್ಲೇ ಓದು. ಕೊಡುವ ಸಂಸ್ಥೆಯವರು ವಯಸ್ಸಿನ ಮಿತಿ ಹಾಕಲು ಮರೆತಿದ್ದರು. ಒಂದು ಷರತ್ತು ಮಾತ್ರ ಹಾಕಿದ್ದರು. ಅಭ್ಯರ್ಥಿಯನ್ನು ಹತ್ತು ವರ್ಷಕ್ಕಿಂತ ಹೆಚ್ಚು ಬಲ್ಲ, ಸಂಬಂಧಿಕರೂ ಅಧ್ಯಾಪಕರೂ ಅಲ್ಲದ, ಯಾವುದಾದರೂ ಸಂಸ್ಥೆಯಲ್ಲಿ ಹುದ್ದೆ ಇರುವ ಒಬ್ಬರು ಶಿಫಾರಸು ಪತ್ರವನ್ನು ನೇರವಾಗಿ ಕಳಿಸಬೇಕು.

ಪಕ್ಕದ ಮಿಷ್ಟಿ, ಅಂದರೆ ಸಿಹಿತಿಂಡಿ, ಅಂಗಡಿಯವರು ಸಂತೋಷದಿಂದ ಬರೆಯುತ್ತಿದ್ದರು, ಹುದ್ದೆ ಇರಲಿಲ್ಲ. ಹುದ್ದೆ ಇದ್ದ ಡಾಕ್ಟರು ಪಾಡಾ, ಅಂದರೆ ಈ ಕೇರಿಯನ್ನೇ, ಬಿಟ್ಟು ಹೋಗಿದ್ದರು. ಅಳೆದೂ ಸುರಿದೂ ಉಳಿದವರು ಕೃಷ್ಣರಾಜ ರಾಯರು.

ಸಹಿಯ ಬಡಾಯಿ ಕೇಳಿದ ಆ ಬೆಳಿಗ್ಗೆಯೇ ವೇದವತಿ ಕೈ ಒರೆಸಿಕೊಂಡು ಹೊರಗೆ ಬಂದು ವಿಷಯ ಹೇಳಿದಳು. ರಾಯರು ಅವಳು ಕೊಟ್ಟ ಅಭ್ಯರ್ಥಿಯ ವಿವರದ ಹಾಳೆಯನ್ನು ಸಾಲದ ಅರ್ಜಿಯಂತೆ ಮೇಲೆ ಕೆಳಗೆ ನೋಡಿದರು.

"ನಲವತ್ತೇಳು ವರ್ಷಕ್ಕೆ ಲಿಥುವೇನಿಯಾ. ಎಂತಕ್ಕೆ? ಅಲ್ಲಿ ಇಡ್ಲಿ ಅಂಗಡಿ ಹಾಕ್ಲಿಕ್ಕಾ?"

"ಓದ್ಲಿಕ್ಕೆ ರಾಯರೆ. ಕೆಲವರು ಓದ್ತಾರೆ, ಕೆಲವರು ಠಸ್ಸೆ ಹಾಕ್ತಾರೆ."

"ಕೇಳುವವರ ಬಾಯಿ ನೋಡಿ!" ಎಂದರು ರಾಯರು. "ಆಯ್ತು, ಬರೆಯುವ. ಮೂವತ್ತೇಳು ವರ್ಷ ನಾನು ಅಭಿಪ್ರಾಯ ಪತ್ರ ಬರೆದವ. ನನ್ನ ಪತ್ರ ಹೋದರೆ ಅವರು ಎದ್ದು ನಿಂತು ಓದ್ಬೇಕು."

ಹದಿನಾರು ದಿನ ಕಳೆಯಿತು. ಹದಿನೇಳನೆಯ ಬೆಳಿಗ್ಗೆ ಮಾನ್ಯ ಫೋನು ಹಿಡಿದು ಅಡುಗೆಮನೆಗೆ ಓಡಿ ಬಂದಳು. "ಅಮ್ಮಾ, ಮೇಲ್ ಬಂತು. ರಿಜೆಕ್ಟ್ ಅಲ್ಲ, ಬಟ್ ಆಲ್ಮೋಸ್ಟ್."

ಲಿಥುವೇನಿಯಾದವರು ಬಹಳ ವಿನಯದಿಂದ ಬರೆದಿದ್ದರು. ಶಿಫಾರಸು ಮಾಡಿದ ಮಹನೀಯರು, ತಾವು ಬರೆದುದಕ್ಕೆ ತಮ್ಮ ಮೇಲೆ ಯಾವುದೇ ಹೊಣೆ ಇಲ್ಲವೆಂದು ತಾವೇ ಪತ್ರದಲ್ಲಿ ಹೇಳಿದ್ದಾರೆ. ಬರೆದವರೇ ಹೊಣೆ ಹೊರದ ಪತ್ರವನ್ನು ನಾವು ಪರಿಗಣಿಸಲಾರೆವು, ಆದ್ದರಿಂದ ಹಿಂತಿರುಗಿಸುತ್ತಿದ್ದೇವೆ. ನಾಳೆ ಮಧ್ಯಾಹ್ನದೊಳಗೆ ಬೇರೆ ಪತ್ರ ಬಾರದಿದ್ದರೆ ಅರ್ಜಿ ರದ್ದಾಗುತ್ತದೆ.

ವೇದವತಿ ಒಲೆ ಆರಿಸಿದಳು. ಪಾಜಕ ಶುರುವಾದಂದಿನಿಂದ ಬೆಳಗಿನ ಏಳೂಕಾಲಿಗೆ ಆ ಒಲೆ ಆರಿದ್ದಿಲ್ಲ. ಬಂಗಾಳ ಕೊಲ್ಲಿಯ ತೂಫಾನು ಬೀದಿಯ ಮರಗಳನ್ನೆಲ್ಲ ಮಲಗಿಸಿದ ದಿನವೂ ಆರಿರಲಿಲ್ಲ. ಗಲ್ಲಾದಲ್ಲಿ ಕೂತಿದ್ದ ರಘುಪತಿಗೆ ಹೆಂಡತಿಯ ಮುಖ ಕಂಡದ್ದೇ ಚಿಲ್ಲರೆ ಎಣಿಸುವ ನೆವದಲ್ಲಿ ತಲೆ ಮೇಜಿನ ಕೆಳಗೆ ಹೋಯಿತು.

"ರಾಯರೆ, ಎಂತ ಬರ್ದಿದ್ರಿ ಪತ್ರದಲ್ಲಿ?"

"ಗೌಪ್ಯ" ಎಂದರು ರಾಯರು, ಇಡ್ಲಿ ಮುರಿಯುತ್ತ.

"ಆ ಗೌಪ್ಯ ವಾಪಸು ಬಂದಿದೆ." ಅವಳು ಫೋನನ್ನು ಅವರ ತಟ್ಟೆಯ ಪಕ್ಕ ಇಟ್ಟಳು. "ನಿಮ್ಮ ಸಹಿ ಇದ್ದದ್ದೇ. ಠಸ್ಸೆ ಸಮೇತ."

ಟಿಫಿನ್ ರೂಮಿನಲ್ಲಿ ಹದಿನಾಲ್ಕು ಜನರಿದ್ದರು. ಹದಿನಾಲ್ಕು ಬಾಯಿಗಳೂ ಅಗಿಯುವುದನ್ನು ನಿಲ್ಲಿಸಿದವು. ರಾಯರು ಮೂರು ಬಾರಿ ಓದಿದರು. ಒಮ್ಮೆ ಕನ್ನಡಕ ಹಾಕಿ, ಒಮ್ಮೆ ತೆಗೆದು, ಒಮ್ಮೆ ಫೋನನ್ನು ಬೆಳಕಿಗೆ ಹಿಡಿದು, ಕಳ್ಳನೋಟು ನೋಡುವ ಹಾಗೆ.

"ಇವರಿಗೆ ಬ್ಯಾಂಕಿಂಗ್ ಗೊತ್ತಿಲ್ಲ" ಎಂದರು ಕೊನೆಗೆ.

"ನಿಮ್ಮ ಪತ್ರ ತೋರಿಸಿ."

ತೋರಿಸದೆ ಬಿಡುವ ಹಾಗಿರಲಿಲ್ಲ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ರಾಯರು ತಮ್ಮ ಫೋನಿನಲ್ಲಿ ತೆಗೆದುಕೊಟ್ಟರು. ಇಂಗ್ಲಿಷಿನಲ್ಲಿತ್ತು, ಒಟ್ಟು ಮೂರು ಸಾಲು. ಸದರಿ ವ್ಯಕ್ತಿಯ ನಡವಳಿಕೆ ನಮಗೆ ತಿಳಿದ ಮಟ್ಟಿಗೆ ತೃಪ್ತಿಕರ. ಸಾಧಾರಣ ವ್ಯವಹಾರಗಳಿಗೆ ಯೋಗ್ಯರೆಂದು ಭಾವಿಸಬಹುದು. ಈ ಅಭಿಪ್ರಾಯವನ್ನು ನಮ್ಮ ಕಡೆಯಿಂದ ಯಾವುದೇ ಹೊಣೆಗಾರಿಕೆ ಇಲ್ಲದೆ ನೀಡಲಾಗಿದೆ.

"ಹತ್ತೊಂಬತ್ತು ವರ್ಷ ತಿಂದು ತೇಗಿದ್ದಕ್ಕೆ ತೃಪ್ತಿಕರ?"

"ತೃಪ್ತಿಕರ ಅಂದರೆ ಎಂತಂತ ತಿಳ್ಕೊಂಡಿದ್ದೀರಿ!" ರಾಯರ ಧ್ವನಿ ಏರಿತು. "ಬ್ಯಾಂಕಿನಲ್ಲಿ ಅದರ ಮೇಲೆ ಪದವೇ ಇಲ್ಲ. ಟೀ ತೋಟದ ಮಾಲೀಕರು ಅದಕ್ಕಾಗಿ ನನ್ನ ಕ್ಯಾಬಿನ್ನಿನ ಹೊರಗೆ ಕಾದು ಕೂತಿದ್ದಾರೆ. ಇನ್ನು ಆ ಕೊನೇ ಸಾಲು ಎಲ್ಲಾ ಪತ್ರದಲ್ಲೂ ಇರ್ತದೆ. ಅದಿಲ್ಲದೆ ಸಹಿ ಹಾಕಿದ ಆಫೀಸರು ಮನೆಗೆ ಹೋಗ್ತಾನೆ."

"ನೀವು ಮನೆಗೆ ಹೋಗಿ ಎಂಟು ವರ್ಷ ಆಯ್ತಲ್ಲ? ಇನ್ನೆಲ್ಲಿಗೆ ಕಳಿಸ್ತಾರೆ?"

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ರಾಯರ ಕಿವಿಗಳು ಒಗ್ಗರಣೆಯ ಮೆಣಸಿನಂತೆ ಕೆಂಪಾದವು. ಆ ಕೆಂಪಿಗೆ ಮೇಜಿನ ಮೇಲಿನ ಚಟ್ನಿಯೂ ಬಿಸಿಯಾಯಿತೆಂದು ಆಮೇಲೆ ಪಾಡಾದಲ್ಲಿ ಹೇಳಿಕೊಂಡರು.

"ನಾನು ಅವರಿಗೇ ಬರೆಯುತ್ತೇನೆ. ಪದ್ಧತಿ ಎಂತ, ಕಾನೂನು ಎಂತ, ನಾಲ್ಕು ಪುಟದಲ್ಲಿ ತಿಳಿಸ್ತೇನೆ."

"ನಿಮ್ಮ ನಾಲ್ಕು ಪುಟ ಮುಗಿಯುವಾಗ ನನ್ನ ಅರ್ಜಿಯ ತಿಥಿ ಆಗಿರ್ತದೆ. ಬೇರೆ ಪತ್ರ ಬರೀರಿ. ಈಗಲೇ. ಇಲ್ಲೇ."

ವೇದವತಿ ಬಿಲ್ಲಿನ ಪುಸ್ತಕ ತಿರುಗಿಸಿ ಅವರ ಮುಂದಿಟ್ಟು, ಎದುರು ಕುರ್ಚಿಯಲ್ಲಿ ಕೂತಳು.  ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಇಪ್ಪತ್ತೈದು ವರ್ಷದಲ್ಲಿ ತನಗಾಗಿ ಅವಳು ಕೇಳಿದ್ದು ಇದೊಂದನ್ನೇ.

ಆಮೇಲೆ ನಡೆದ ಚೌಕಾಸಿಯನ್ನು ನೋಡಿದ್ದರೆ ಗರಿಯಾಹಾಟಿನ ಸೀರೆ ವ್ಯಾಪಾರಿಗಳು ಅಂಗಡಿ ಮುಚ್ಚಿ ಪಾಠಕ್ಕೆ ಬಂದು ಕೂರುತ್ತಿದ್ದರು. ರಾಯರು 'ಸಾಧಾರಣ ಪರಿಶ್ರಮಿ' ಎಂದು ಬರೆದರು. ವೇದವತಿ 'ಸಾಧಾರಣ' ಹೊಡೆದಳು. ರಾಯರು 'ಕೇಳಿಬಂದ ಪ್ರಕಾರ' ಎಂದರು; "ಯಾರಿಂದ ಕೇಳಿದ್ರಿ? ನಾನು ಕಾವಲಿ ಮುಂದೆ ವಿಭಕ್ತಿ ಬಾಯಿಪಾಠ ಮಾಡೋದು ನಿಮ್ಮ ಕಿವಿಗೇ ಬೀಳ್ತದಲ್ಲ?" ಎಂದು ಅದನ್ನೂ ಹೊಡೆದಳು. 'ಕೋಪಿಷ್ಠೆ' ಎಂಬ ಪದ ಹಾಗೇ ಉಳಿಯಿತು. ಅದು ನಿಜ, ಇರಲಿ ಎಂದಳು.

ಕೊನೆಯ ಸಾಲಿಗೆ ಬಂದು ರಾಯರ ಪೆನ್ನು ನಿಂತಿತು. "ಈ ಮೇಲಿನದಕ್ಕೆ ನಾನೇ ಹೊಣೆ" ಎಂದು ಬರೆಯಬೇಕಿತ್ತು.

"ಇದಾಗ್ಲಿಕ್ಕಿಲ್ಲ. ನೀವು ಅಲ್ಲಿ ಹೋಗಿ ಎಂತ ಮಾಡ್ತೀರಿ ಅಂತ ನನಗೆಂತ ಗೊತ್ತು? ಪರೀಕ್ಷೆ ಮಾಡಿ ನೋಡದ್ದಕ್ಕೆ ಹೊಣೆ ಹೊರುವವ ಮೂರ್ಖ."

"ಬೆಳಿಗ್ಗೆ ಎಂತ ತಿಂದ್ರಿ?"

"ಇಡ್ಲಿ. ಕಾಣುದಿಲ್ವಾ?"

"ಸಾಂಬಾರಿನ ಉಪ್ಪು ನೋಡಿದ್ದು ಯಾರು?"

 ಕರಾವಳಿಯವರಾದ್ದರಿಂದ ಉತ್ತರ ರಾಯರಿಗೆ ಗೊತ್ತಿತ್ತು. ಕೃಷ್ಣನಿಗೆ ನೈವೇದ್ಯ ಆಗುವ ತನಕ ಅಡುಗೆಯ ರುಚಿ ನೋಡುವಂತಿಲ್ಲ. ನೈವೇದ್ಯ ಮುಗಿದ ಕೂಡಲೇ ಮೊದಲ ತಟ್ಟೆ ಹೋಗುವುದು ಏಳು ಗಂಟೆಯ ಗಿರಾಕಿಗೆ. ಅಂದರೆ ಅವರಿಗೆ.

"ಯಾರೂ ನೋಡಿಲ್ಲ" ಎಂದಳು ವೇದವತಿ. "ಹತ್ತೊಂಬತ್ತು ವರ್ಷ ದಿನಾ ನಾನು ನಾಲಿಗೆಗೆ ಹಚ್ಚದ ಉಪ್ಪನ್ನು ನಿಮ್ಮ ತಟ್ಟೆಗೆ ಕಳಿಸಿದ್ದೇನೆ. ಮೇಲೆ ಚೀಟಿ ಅಂಟಿಸಿ ಕಳಿಸಿದ್ದೇನಾ, ಇದಕ್ಕೆ ನನ್ನ ಹೊಣೆ ಇಲ್ಲ ಅಂತ?"

"ಒಂದು ದಿವಸ ಉಪ್ಪು ಜಾಸ್ತಿ ಆಗಿತ್ತು. ಆಷಾಢ ಏಕಾದಶಿಯ ಮರುದಿನ."

"ಆಗಿತ್ತು. ಆವತ್ತು ನಾನು ಒಳಗೆ ಅಡಗಿ ಕೂತೆನಾ? ನಿಮ್ಮ ಮೇಜಿಗೆ ಬಂದು ತಪ್ಪಾಯ್ತು ಅಂತ ಹೇಳಿ ತಟ್ಟೆ ತೆಗೊಂಡು ಹೋದೆ. ಹೊಣೆ ಅಂದರೆ ಅಷ್ಟೇ ರಾಯರೆ. ಬರೀರಿ."

 ರಾಯರು ಹಣೆಯ ಬೆವರು ಒರೆಸಿಕೊಂಡರು. ಆಸ್ತಿಯೆಲ್ಲ ಬರೆದುಕೊಡುವವರ ಮುಖ ಮಾಡಿಕೊಂಡು, ಒಂದೊಂದೇ ಅಕ್ಷರವನ್ನು ಬಾವಿಯಿಂದ ಸೇದಿದ ಹಾಗೆ ಸೇದಿ, ಆ ಸಾಲು ಬರೆದು ಸಹಿ ಹಾಕಿದರು. ಠಸ್ಸೆ ಮಾತ್ರ ಮೆತ್ತಗೆ ಒತ್ತಿದರು. ಮಾನ್ಯ ಅದನ್ನು ಟೈಪು ಮಾಡಿ, ಸಹಿಯ ಹಾಳೆ ಸ್ಕ್ಯಾನ್ ಮಾಡಿ, ರಾಯರ ಫೋನಿನಿಂದಲೇ ಕಳಿಸಿದಳು. "ಅಂಕಲ್, ಸೆಂಟ್" ಎಂದಾಗ ರಾಯರು ಯಾರದೋ ಸಾವಿನ ಸುದ್ದಿ ಕೇಳಿದವರಂತೆ ತಲೆ ಆಡಿಸಿ, ಉಳಿದ ಅರ್ಧ ಇಡ್ಲಿಯನ್ನು ಹಾಗೇ ಬಿಟ್ಟು ಎದ್ದು ಹೋದರು.

ಎರಡು ತಿಂಗಳಿಗೆ ಉತ್ತರ ಬಂತು. ವೇದವತಿಗೆ ವಿದ್ಯಾರ್ಥಿವೇತನ ಸಿಕ್ಕಿತ್ತು; ದುರ್ಗಾ ಪೂಜೋ ಬರುವ ಮೊದಲೇ ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್ಸಿಗೆ ಹೋಗಬೇಕು. ರಘುಪತಿ ದೋಸೆ ಹುಯ್ಯುವುದನ್ನು ಹೊಸದಾಗಿ ಕಲಿಯತೊಡಗಿದ. ಮೊದಲ ವಾರದ ದೋಸೆಗಳು ಭೂಪಟದಲ್ಲಿ ಇರುವ ದೇಶಗಳನ್ನೆಲ್ಲ ಮುಗಿಸಿ, ಇನ್ನೂ ಕಂಡುಹಿಡಿಯದ ದೇಶಗಳ ಆಕಾರಕ್ಕೆ ತಲುಪಿದ್ದವು.

ರಾಯರು ಮಾತ್ರ ಒಂದು ಶುಭಾಶಯದ ಮಾತು ಆಡಲಿಲ್ಲ. ಹೊರಡುವ ದಿನ ಬೆಳಿಗ್ಗೆ ಬಂದರು, ತಿಂದರು, ಪರವಾಗಿಲ್ಲ ಎಂದರು. ವೇದವತಿ ಸೂಟ್‌ಕೇಸು ಹಿಡಿದು ಟ್ಯಾಕ್ಸಿ ಹತ್ತುವಾಗ ಬಾಗಿಲಿಗೆ ಅಡ್ಡ ನಿಂತರು.

"ನೆನಪಿರಲಿ, ನನ್ನ ಸಹಿಯ ಮೇಲೆ ಹೋಗ್ತಾ ಇದ್ದೀರಿ. ಅಲ್ಲಿ ನೀವೊಂದು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೆ, ಯಾರ ಜೊತೆಗಾದರೂ ಜಗಳ ಮಾಡಿದರೆ, ಅವರು ಫೋನು ಮಾಡಿ ಕೇಳೋದು ನನ್ನನ್ನು!"

ವೇದವತಿ ಅವರನ್ನು ಸರಿಸಿ ಒಳಗೆ ಕೂತು, ಬಾಗಿಲು ಎಳೆದುಕೊಂಡು, ಟ್ಯಾಕ್ಸಿಯ ಕಿಟಕಿ ಇಳಿಸಿದಳು.

"ಕೇಳಲಿ ರಾಯರೆ. ಮೂವತ್ತೇಳು ವರ್ಷ ಆಫೀಸರಾಗಿದ್ದಾಗ ಯಾರೂ ನಿಮ್ಮನ್ನು ಏನೂ ಕೇಳದ ಹಾಗೆ ಬದುಕಿದ್ರಿ. ರಿಟೈರಾದ ಮೇಲಾದ್ರೂ ನಿಮ್ಮನ್ನು ಕೇಳುವವರೊಬ್ಬರನ್ನು ನಾನು ಮಾಡಿಕೊಟ್ಟಿದ್ದೇನೆ. ಫೋನು ಚಾರ್ಜಿಗೆ ಹಾಕಿಡಿ."