ಬೇರೊಲೆಯ ಮೇಷ್ಟ್ರು

ಮೊನ್ನೆ ಮೊಮ್ಮಗಳು ಶಾಲೆಯಲ್ಲಿ ತೋರಿಸಬೇಕೆಂದು ಹಿತ್ತಲಲ್ಲಿ ಕೂತು ಪುಟ್ಟದೊಂದು ಮಣ್ಣಿನ ಒಲೆ ಮಾಡುತ್ತಿದ್ದಳು. ಹಸಿಮಣ್ಣಿಗೆ ಸಗಣಿ ಕಲಸಿದ ವಾಸನೆ ಮೂಗಿಗೆ ಬಡಿಯಿತು. ದೊಡ್ಡಬಳ್ಳಾಪುರದ ನಮ್ಮ ಎದುರುಮನೆ ಮೇಷ್ಟ್ರು ನೆನಪಾದರು... ಆಮೇಲೆ ಅಡುಗೆಯಲ್ಲಿ ಕೈ ಓಡಲಿಲ್ಲ.

ನಾನು ಮದುವೆಯಾಗಿ ಆ ಬೀದಿಗೆ ಬಂದದ್ದು ಸ್ವಾತಂತ್ರ್ಯ ಬಂದ ವರ್ಷ. ಮೈಸೂರು ದೆಹಲಿಯ ಜೊತೆ ಸೇರಬೇಕೋ, ತನ್ನ ಪಾಡಿಗೆ ತಾನಿರಬೇಕೋ ಎಂದು ಜಗಲಿ ಜಗಲಿಯಲ್ಲೂ ವಾದ. ಮೇಷ್ಟ್ರು ಹೈಸ್ಕೂಲಿನಲ್ಲಿ ಚರಿತ್ರೆ ಹೇಳುತ್ತಿದ್ದವರು. ಸಂಜೆ ತಮ್ಮ ಜಗಲಿಯಲ್ಲಿ ನೆರೆದವರಿಗೆ ಅಮೇರಿಕದ ಕಥೆ ಬಿಡಿಸುತ್ತಿದ್ದರು. ಇಂಗ್ಲಿಷರನ್ನು ಓಡಿಸಿದ ಮೇಲೆ ಅಲ್ಲಿಯೂ ಇದೇ ಜಗಳವಂತೆ. ಖಜಾನೆ ಮಂತ್ರಿ, ಎಲ್ಲ ಸಂಸ್ಥಾನಗಳಿಗೂ ಒಂದೇ ಬ್ಯಾಂಕು, ಮೇಲೊಂದು ಬಲವಾದ ಸರ್ಕಾರ ಬೇಕೆಂದನಂತೆ. ಇನ್ನೊಬ್ಬ ಮಂತ್ರಿ, ಸಂವಿಧಾನದಲ್ಲಿ ಬರೆದುಕೊಟ್ಟಷ್ಟೇ ಅಧಿಕಾರ ಮೇಲಿನವರಿಗೆ, ಉಳಿದದ್ದೆಲ್ಲ ಅವರವರ ಸಂಸ್ಥಾನಕ್ಕೆ ಎಂದನಂತೆ.

"ಅವ್ನು ಒಂದೊಲೆಯವ್ನು, ಇವ್ನು ಬೇರೊಲೆಯವ್ನು ಕಣ್ರಪ್ಪಾ. ನಾನು ಬೇರೊಲೆ ಕಡೆ!" ಎಂದು ತೊಡೆ ತಟ್ಟುತ್ತಿದ್ದರು. ಆ ಬೇರೊಲೆಯವನೇ ಮುಂದೆ ಅಧ್ಯಕ್ಷನಾದಾಗ, ಬರೆದುಕೊಟ್ಟಷ್ಟೇ ಅಧಿಕಾರ ಎಂದ ತನ್ನ ಮಾತನ್ನೇ ಮರೆತು ದೊಡ್ಡದೊಂದು ಸೀಮೆಯನ್ನೇ ಕೊಂಡನೆಂದು ಹೇಳಿ ನಗಿಸುತ್ತಲೂ ಇದ್ದರು.

ಬಾಗಿಲ ಹಿಂದೆ ನಿಂತು ಇದನ್ನೆಲ್ಲ ಕೇಳುತ್ತಿದ್ದವಳು ಅವರ ಹೆಂಡತಿ. ತೂಬಗೆರೆ ಕಡೆಯವಳು, ಆ ಬೀದಿಯಲ್ಲಿ ನನಗಿದ್ದ ಒಬ್ಬಳೇ ಗೆಳತಿ. ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿದ್ದ ಅವರ ಮನೆಯಲ್ಲಿ ಉಗ್ರಾಣದ ಬೀಗದಕೈ ಮೇಷ್ಟ್ರ ಅಣ್ಣನ ಉಡಿದಾರದಲ್ಲಿ. ಹಾಲು ಮೊದಲು ಅಣ್ಣನ ಗಂಡುಮಕ್ಕಳಿಗೆ. ಸದಾ ಕಾಯಿಲೆ ಬೀಳುತ್ತಿದ್ದ ಇವಳ ಹೆಣ್ಣುಮಗುವಿಗೆ ನೀರುಮಜ್ಜಿಗೆ.

"ನಂದೇ ಒಂದು ಒಲೆ ಇದ್ದಿದ್ರೆ ಮಗೀಗೆ ಹೊತ್ತೊತ್ತಿಗೆ ಗಂಜಿ ಕಾಸ್ಕೊಡ್ತಿದ್ದೆ ಕಣೆ," ಎನ್ನುತ್ತಿದ್ದಳು.

ಗಂಡನ ಪಾಠವನ್ನು ಪಾಪ, ಅವಳು ನಂಬಿಬಿಟ್ಟಳು. ಒಂದು ಮಧ್ಯಾಹ್ನ ಹಿತ್ತಲಲ್ಲಿ ತಾನೇ ಒಲೆ ಹಾಕಿದಳು. ಸಗಣಿ ತಂದುಕೊಟ್ಟವಳು ನಾನು.

ಸಂಜೆ ಅಣ್ಣ ಜಗಲಿಗೇ ಬಂದರು. ಜನ ಕೂತಿದ್ದರು.

"ಏನಪ್ಪಾ, ನಿಂಗೆ ಬೇರೆ ಒಲೆ ಬೇಕಂತೆ?"

ಮೇಷ್ಟ್ರು ಎದ್ದು ನಿಂತರು. ಬಾಗಿಲ ಹಿಂದೆ ನಾನು ಅವಳ ಪಕ್ಕದಲ್ಲಿದ್ದೆ. ಅವಳ ಕೈಯ ಮಣ್ಣು ಇನ್ನೂ ಆರಿರಲಿಲ್ಲ.

"ಇಲ್ಲಣ್ಣ... ಅದು ಅಮೇರಿಕದ್ದು."

ಜಗಲಿಯವರೆಲ್ಲ ಗೊಳ್ಳೆಂದು ನಕ್ಕರು. ಅಂದು ಮೇಷ್ಟ್ರ ಮೇಲೆ ಬಂದ ಸಿಟ್ಟು ನನಗೆ ಇಂದಿಗೂ ಪೂರ್ತಿ ಇಳಿದಿಲ್ಲ. ಮರುದಿನ ಬೆಳಿಗ್ಗೆ ಅವಳು ಒಲೆಯನ್ನು ತಾನೇ ಒಡೆದು, ಮಗುವನ್ನೆತ್ತಿಕೊಂಡು ತವರಿಗೆ ಹೊರಟುಹೋದಳು. ಮಗು ಅಲ್ಲಿಯೂ ಬದುಕುಳಿಯಲಿಲ್ಲ. ಅವಳು ತಿರುಗಿ ಬರಲಿಲ್ಲ.

ಕೆಲವು ವರ್ಷಗಳಲ್ಲಿ ಅಣ್ಣ ತೀರಿಕೊಂಡರು. ಇನ್ನಾದರೂ ಮೇಷ್ಟ್ರು ತೂಬಗೆರೆಗೆ ಹೋಗಿ ಅವಳನ್ನು ಕರೆತಂದಾರು ಎಂದು ನಾನು ದಾರಿ ನೋಡಿದೆ. ಅವರು ಬೀಗದಕೈಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡರು, ಅಷ್ಟೆ. ಮುಂದೆ ಅಣ್ಣನ ಸೊಸೆ ಬೇರೆ ಒಲೆ ಕೇಳಿದಾಗ, "ನಾನಿರೋವರ್ಗೂ ಈ ಮನೇಲಿ ಒಂದೇ ಒಲೆ!" ಎಂದು ಗದರಿದ್ದು ನಮ್ಮ ಮನೆಯವರೆಗೂ ಕೇಳಿಸಿತ್ತು.

ಈಗ ಮೇಷ್ಟ್ರಿಲ್ಲ. ಅವಳೂ ಇಲ್ಲ... ಆ ಜಗಲಿ ಒಡೆದು ಅಂಗಡಿ ಮಾಡಿದ್ದಾರೆ.

"ಆರಿದ್ಮೇಲೆ ಇದ್ರಲ್ಲಿ ಒಂದಿಷ್ಟು ಗಂಜಿ ಕಾಸೋಣ್ವೇನೆ?" ಎಂದು ಮೊಮ್ಮಗಳನ್ನು ಕೇಳಿದೆ.

"ಅಯ್ಯೋ ಅಜ್ಜಿ, ಇದು ತೋರ್ಸೋಕಷ್ಟೆ. ಹಚ್ಚೋಕಲ್ಲ," ಎಂದಳು.

ಈ ಮಾತನ್ನು ಅಂದು, ನನ್ನ ಗೆಳತಿ ಮಣ್ಣು ಕಲಸುವ ಮೊದಲೇ, ಯಾರಾದರೂ ಅವಳಿಗೆ ಹೇಳಬೇಕಿತ್ತು.