ಹಡಗಿನ ನೊಗ

ತಾತನ ಕತ್ತು ಸದಾ ಸ್ವಲ್ಪ ಹಿಂದಕ್ಕೆ ವಾಲಿರುತ್ತಿತ್ತು. ಗಂಟಲ ಮಣಿ ಎದ್ದು ಕಾಣುತ್ತಿತ್ತು. ಎದುರಿಗಿದ್ದವರ ಜೊತೆ ಮಾತಾಡುವಾಗಲೂ ಅವರ ತಲೆಯ ಮೇಲೆ ಏನನ್ನೋ ಹುಡುಕುವಂತೆ ನೋಡುತ್ತಿದ್ದರು. ವಯಸ್ಸಿನ ದೋಷವಲ್ಲ, ಐವತ್ತು ವರ್ಷ ಚರ್ಚಿನ ಸೂರು ನೋಡಿಕೊಂಡೇ ಬದುಕಿದವರ ಕತ್ತು ಅದು. ಹೆಂಚು ಸರಿದಿದೆಯೇ, ತೊಲೆಗೆ ಗೆದ್ದಲು ಹತ್ತಿದೆಯೇ, ಎಲ್ಲಕ್ಕಿಂತ ಮುಖ್ಯವಾಗಿ ನಡುತೊಲೆಯಿಂದ ತೂಗುಬಿಟ್ಟ ಮರದ ಹಡಗು ನೆಟ್ಟಗಿದೆಯೇ ಎಂದು ದಿನಕ್ಕೆ ಹತ್ತು ಸಲ ನೋಡುತ್ತಿದ್ದರು.

ಪುಟ್ಟೇನಹಳ್ಳಿ ಕೆರೆ ದಾಟಿದರೆ ಆಗಿನ್ನೂ ರಾಗಿ ಹೊಲಗಳಿದ್ದವು. ಅಲ್ಲಿನ ಒಂದು ಹಳ್ಳಿಯಲ್ಲಿ, ಸ್ವೀಡನ್ನಿನಿಂದ ಬಂದು ನೆಲೆಸಿದ್ದ ಮೂರು ನಾಲ್ಕು ಕುಟುಂಬದವರು ಎಂದೋ ಕಟ್ಟಿಸಿದ ಲುಥೆರನ್ ಚರ್ಚು. ಅವರಲ್ಲಿ ಕೆಲವರು ಅಲ್ಲೇ ಮಣ್ಣಾದರು, ಉಳಿದವರು ವಾಪಸು ಹೋದರು. ಚರ್ಚು ಊರವರ ಪಾಲಿಗೆ ಉಳಿಯಿತು. ಗಂಟೆ ಹೊಡೆಯುವುದು, ಕಸ ಗುಡಿಸುವುದು, ಬೀಗ ಹಾಕುವುದು ಎಲ್ಲ, ಊರಿಗೆಲ್ಲ ತಾತನಾಗಿದ್ದ ಅವರದೇ.

ನಾನು ಪದ್ಮನಾಭನಗರದಲ್ಲಿ ಮಕ್ಕಳಿಗೆ ಕನ್ನಡ ಟ್ಯೂಷನ್ ಹೇಳುತ್ತಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ಆ ಚರ್ಚಿನ ಕಾರ್ಯದರ್ಶಿ ನಮ್ಮ ಮನೆಗೆ ಬಂದರು. ಜಯನಗರದಲ್ಲಿದ್ದ ನಿವೃತ್ತ ಅಧಿಕಾರಿ. ಅವರ ಮೊಮ್ಮಗಳು ನನ್ನ ಹತ್ತಿರ ಕಲಿಯುತ್ತಿದ್ದಳು. "ಚರ್ಚಿನ ಇತಿಹಾಸ ಒಂದು ಪುಸ್ತಕ ಮಾಡ್ಬೇಕು ಮೇಡಂ. ನಿಮ್ಮಷ್ಟು ಚೆನ್ನಾಗಿ ಕನ್ನಡ ಬರೆಯೋರು ನಮ್ಮಲ್ಲಿ ಯಾರೂ ಇಲ್ಲ. ನಿಮ್ಮ ಹೆಸರು ಮೊದಲನೇ ಪುಟದಲ್ಲೇ ಹಾಕ್ತೀವಿ" ಎಂದು ಹೊಗಳಿ ಅಟ್ಟಕ್ಕೇರಿಸಿದರು. ನಾನು ಏರಿ ಕೂತೆ. ಅಲ್ಲಿಯವರೆಗೆ ನನ್ನ ಹೆಸರು ಅಚ್ಚಾಗಿದ್ದದ್ದು ಮದುವೆಯ ಕರೆಯೋಲೆಯಲ್ಲಿ ಮಾತ್ರ.

ಎರಡು ತಿಂಗಳು ಪ್ರತಿ ಶನಿವಾರ ಹೋಗಿ ತಾತನ ಮುಂದೆ ಕೂತೆ. ಇಬ್ಬರೂ ನೆಲದ ಮೇಲೆ. ಭಾನುವಾರ ಬಿಟ್ಟು ಬೇರೆ ದಿನ ಅವರು ಬೆಂಚಿನ ಮೇಲೆ ಕೂರುತ್ತಿರಲಿಲ್ಲ. "ಅವಕ್ಕೂ ಆರು ದಿನ ರಜ ಬೇಕಲ್ವಾ ಟೀಚರಮ್ಮ" ಎನ್ನುತ್ತಿದ್ದರು. ಅವರ ಸೊಸೆ ಬೆಲ್ಲದ ಕಾಫಿ ತಂದುಕೊಡುತ್ತಿದ್ದಳು. ಮೊದಲ ಸಲ ಲೋಟ ಹಿಡಿದು ನಾನು ಒಂದು ಕ್ಷಣ ಹಿಂಜರಿದೆ. ತಾತ ತಕ್ಷಣ ಸೂರಿನ ಕಡೆ ನೋಡತೊಡಗಿದರು. ನನ್ನ ಮುಖ ನೋಡದಿರುವ ದೊಡ್ಡತನ ಅದು. ನನಗೆ ಅದು ಅರ್ಥವಾಗಲು ವರ್ಷಗಳೇ ಬೇಕಾದವು.

ಹಡಗಿನ ಕಥೆಯನ್ನು ಅವರು ಮೂರನೇ ಶನಿವಾರ ಹೇಳಿದರು.

"ದೊರೆಸಾನಮ್ಮನ ಊರಲ್ಲಿ ಚರ್ಚಿನ ಸೂರಿಗೆ ಹಡಗು ತೂಗಾಕ್ತಿದ್ರಂತೆ, ಸಮುದ್ರಕ್ಕೆ ಹೋದೋರು ಕ್ಷೇಮವಾಗಿ ಬರ್ಲಿ ಅಂತ. ಇಲ್ಲೂ ಒಂದು ಮಾಡ್ಕೊಡು ಅಂತ ನಮ್ಮಪ್ಪನ್ನ ಕೇಳಿದ್ರು. ನಮ್ಮಪ್ಪ ಗಾಡಿ ಮಾಡೋ ಬಡಗಿ. ಈ ಕೆರೆ ಬಿಟ್ರೆ ಬೇರೆ ನೀರು ಕಂಡೋನಲ್ಲ."

ಚರ್ಚು ಕಟ್ಟಿಸಿದ ಸ್ವೀಡನ್ ಕುಟುಂಬವೊಂದರ ಆ ದೊರೆಸಾನಿ ಮಣ್ಣಿನ ಮೇಲೆ ಕಡ್ಡಿಯಿಂದ ಹಡಗು ಬರೆದು ತೋರಿಸಿದರಂತೆ. ಅಪ್ಪ ಹಲಸಿನ ಮರದಲ್ಲಿ ಕೆತ್ತಿದ. ಪಟ, ಕಂಬ ಎಲ್ಲ ಸರಿಯಾಗಿಯೇ ಬಂದವು. ಆದರೆ ಮುಂದುಗಡೆ ಬೆರಳುದ್ದದ ಒಂದು ನೊಗವನ್ನೂ ಕೂರಿಸಿದ್ದ. ಇದೇನು ಎಂದು ಆಕೆ ಕೇಳಿದ್ದಕ್ಕೆ, "ಎಳೆಯೋರಿಲ್ದೆ ಹೆಂಗಮ್ಮ ಹೋಯ್ತದೆ?" ಎಂದನಂತೆ. ದೊರೆಸಾನಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಇರಲಿ, ಹಾಗೇ ತೂಗುಹಾಕು ಎಂದರಂತೆ.

ಪ್ರತಿ ವರ್ಷ ಕ್ರಿಸ್‌ಮಸ್ಸಿಗೆ ವಾರ ಇರುವಾಗ ತಾತ ಏಣಿ ಹಾಕಿ ಹಡಗನ್ನು ಇಳಿಸುತ್ತಿದ್ದರು. ಟವೆಲ್ ಹಾಸಿ, ಅದರ ಮೇಲೆ ಮಲಗಿಸಿ, ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಕೊನೆಗೆ ನೊಗ. "ಇಲ್ಲಿ ಮುಟ್ಟಿದ್ರೆ ಅಪ್ಪನ್ ಕೈ ಹಿಡ್ದಂಗಾಯ್ತದೆ" ಎಂದರು. ನಾನು ಅದನ್ನೂ ಬರೆದುಕೊಂಡೆ.

ಬರೆದು ಮುಗಿಸಿ ಕಾರ್ಯದರ್ಶಿಗೆ ತೋರಿಸಿದೆ. ಹಡಗಿನ ಪುಟಕ್ಕೆ ಬಂದು ಅವರು ಕನ್ನಡಕ ತೆಗೆದರು. "ಹಳ್ಳಿ ಬಡಗಿ ಮಾಡಿದ್ದು ಅಂದ್ರೆ ಏನ್ ಮೇಡಂ ಗೌರವ? ಸ್ವೀಡನ್ನಿಂದ ತಂದಿದ್ದು ಅಂತ ಬರೀರಿ. ಯಾರ್ ನೋಡಿದಾರೆ?"

ಆಗಲ್ಲ ಸಾರ್ ಎನ್ನಬಹುದಿತ್ತು. ಆದರೆ ಪುಸ್ತಕ ಕೈತಪ್ಪಿದರೆ ಎಂಬ ಭಯ. ಮನೆಗೆ ಬಂದು, "ಅಲೆಗಳನ್ನು ದಾಟಿ ದೂರದ ಸ್ವೀಡನ್ನಿನಿಂದ ಬಂದ ಹಡಗು" ಎಂದು ತಿದ್ದಿದೆ. ಇನ್ನು ನೊಗ ಉಳಿಯಿತು. ಅದಕ್ಕೂ ಒಂದು ವಾಕ್ಯ ಹೊಸೆದೆ: "ಮುಂಭಾಗದಲ್ಲಿ ಆ ದೇಶದ ನಾವಿಕರ ವಿಶಿಷ್ಟ ಅಲಂಕಾರವಿದೆ." ಎಷ್ಟೋ ವರ್ಷ ತಪ್ಪನ್ನೆಲ್ಲ ಕಾರ್ಯದರ್ಶಿಯ ತಲೆಗೆ ಕಟ್ಟಿ ನೆಮ್ಮದಿಯಾಗಿದ್ದೆ, ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗೆ. ಆದರೆ ಈ ಎರಡನೇ ವಾಕ್ಯ ಬರೆಯಲು ನನಗೆ ಯಾರೂ ಹೇಳಿರಲಿಲ್ಲ. ಅದು ಪೂರ್ತಿ ನನ್ನದೇ.

ಪುಸ್ತಕ ಬಂತು. ಓದಿದ ಸಮಿತಿಯವರಿಗೆ, ಇಷ್ಟು ಅಮೂಲ್ಯವಾದ ವಿದೇಶಿ ವಸ್ತುವನ್ನು ಹೀಗೆ ಹಗ್ಗದಲ್ಲಿ ನೇತುಹಾಕಿದ್ದೇವಲ್ಲ ಎಂದು ಗಾಬರಿಯಾಯಿತು. ಹಡಗನ್ನು ಇಳಿಸಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಕೀಲಿ ಜಯನಗರಕ್ಕೆ ಹೋಯಿತು. ಎಣ್ಣೆ ಹಚ್ಚಿದರೆ ಹಾಳಾಗುತ್ತದೆ, ಯಾರೂ ಮುಟ್ಟಬಾರದು ಎಂದು ತಾತನಿಗೆ ಹೇಳಿದರು.

ಡಿಸೆಂಬರಿನ ಒಂದು ಬೆಳಿಗ್ಗೆ ತಾತ ಎರಡು ಬಸ್ಸು ಬದಲಾಯಿಸಿ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ನನ್ನ ಪುಸ್ತಕ.

"ಎರಡ್ ಸಲ ಓದ್ದೆ ಟೀಚರಮ್ಮ. ಸಖತ್ತಾಗಿ ಬರ್ದಿದೀರ. ನಮ್ಮಪ್ಪ ಯಾವ ಪುಟದಲ್ಲವ್ನೆ ಅಂತ ಗೊತ್ತಾಗ್ಲಿಲ್ಲ."

"ಜಾಗ ಸಾಲ್ಲಿಲ್ಲ ತಾತ" ಎಂದೆ. "ಮುಂದಿನ ಸಲ ಅಚ್ಚು ಹಾಕುವಾಗ ಸೇರಿಸ್ತೀನಿ."

ಅವರು ನಂಬಿದರೋ ಬಿಟ್ಟರೋ. ಜಗಳವಾಡಲಿಲ್ಲ. ಕೇಳಿದ್ದು ಒಂದೇ. "ಹೋಗ್ಲಿ ಬಿಡಿ. ಕಾರ್ಯದರ್ಶಿಗೆ ಒಂದ್ ಕಾಗದ ಬರ್ದ್ಕೊಡ್ತೀರಾ? ಅದು ನಮ್ಮಪ್ಪ ಮಾಡಿದ್ದು ಅಂತ. ವರ್ಷಕ್ಕೊಂದ್ ಸಲ ಬೀಗ ತೆಗ್ದ್ರೆ ಸಾಕು, ಎಣ್ಣೆ ಹಚ್ಚಿ ಮಡಗ್ಬಿಡ್ತೀನಿ. ಬರ್ದೋರು ನೀವಲ್ವಾ, ನಿಮ್ ಮಾತು ಕೇಳ್ತಾರೆ."

ಬರೆದು ಕಳಿಸುತ್ತೇನೆ ಎಂದೆ. ಬಸ್‌ಸ್ಟಾಪಿನವರೆಗೆ ಹೋಗಿ ಹತ್ತಿಸಿಯೂ ಬಂದೆ. ಕಾಗದ ಬರೆಯಲಿಲ್ಲ. ಬರೆದರೆ ನನ್ನ ಪುಸ್ತಕ ಸುಳ್ಳೆಂದು ನಾನೇ ಸಹಿ ಹಾಕಿದಂತಾಗುತ್ತಿತ್ತು. ಆ ಹೊತ್ತಿಗೆ ಅದನ್ನು ತೋರಿಸಿ ಒಂದು ಶಾಲೆಯಲ್ಲಿ ಕೆಲಸ ಹಿಡಿದಿದ್ದೆ. ನಾಳೆ, ನಾಡಿದ್ದು ಎನ್ನುತ್ತಾ ಕ್ರಿಸ್‌ಮಸ್ ಕಳೆಯಿತು. ಮುಂದಿನದೂ ಕಳೆಯಿತು. ತಾತ ಮತ್ತೆ ಕೇಳಲು ಬರಲಿಲ್ಲ.

ಅವರು ತೀರಿಕೊಂಡರೆಂದು ಸೊಸೆ ಫೋನ್ ಮಾಡಿದಾಗ ರಜೆ ಹಾಕಿ ಹೋದೆ. ತಾತನ ಶವಪೆಟ್ಟಿಗೆ ಚರ್ಚಿನ ನಡುವೆ ಇತ್ತು. ಪಾದ್ರಿಗಳು ಹೊಸಬರು, ತಾತನ ಬಗ್ಗೆ ಹೆಚ್ಚು ತಿಳಿದವರಲ್ಲ. ಪ್ರಾರ್ಥನೆ ಮುಗಿಸಿ ನನ್ನ ಪುಸ್ತಕ ತೆರೆದರು. ಅಲೆಗಳನ್ನು ದಾಟಿ ದೂರದ ಸ್ವೀಡನ್ನಿನಿಂದ ಬಂದ ಹಡಗನ್ನು ಜೀವನವಿಡೀ ಕಾದ ಸೇವಕ ಇವರು ಎಂದರು. ನಾವಿಕರ ಅಲಂಕಾರದ ವಾಕ್ಯವನ್ನೂ ಬಿಡಲಿಲ್ಲ, ನಿಧಾನವಾಗಿ, ಸ್ಪಷ್ಟವಾಗಿ ಓದಿದರು. ಮುಂದಿನ ಸಾಲಿನಲ್ಲಿದ್ದ ಸೊಸೆ ತಲೆ ತಗ್ಗಿಸಿದಳು. ಅವಳಿಗೆ ನಿಜ ಗೊತ್ತಿತ್ತು.

"ಇಷ್ಟು ಸುಂದರವಾಗಿ ಬರೆದವರು ಇವತ್ತು ನಮ್ಮ ಜೊತೇಲೇ ಇದಾರೆ" ಎಂದು ಪಾದ್ರಿಗಳು ನನ್ನತ್ತ ಕೈ ತೋರಿಸಿದರು. ಎಲ್ಲರೂ ತಿರುಗಿ ನೋಡಿದರು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ.

ನಾನು ಎದ್ದು ನಿಂತು, ಎಲ್ಲರಿಗೂ ಕೈ ಮುಗಿದು, ಕೂತೆ.