ಒಣದ್ರಾಕ್ಷಿ ಮತ್ತ ಮೂರು ತಿಂಗಳ ಸಾರು

ಒಂದು ಒಣದ್ರಾಕ್ಷಿ ತಿನ್ನಾಕ ಐದು ನಿಮಿಷ ಬೇಕಂತ. ಇದನ್ನ ಕಲಿಯಾಕ ನಾನು ಸಿರುಗುಪ್ಪದಿಂದ ಬಳ್ಳಾರಿತನಕ ಬಸ್ಸಿನ್ಯಾಗ ನಿಂತ್ಕಂಡು ಹೋಗಿದ್ದೆ. ಬಿಪಿ ಏರೈತಿ, ಸಿಟ್ಟು ಕಡಿಮಿ ಮಾಡ್ಕಳ್ರಿ ಅಂತ ಡಾಕ್ಟ್ರು ಅಂದಿದ್ದೇ ತಡ, ನನ್ನ ಹೆಂಡ್ತಿ ಅದ್ಯಾವುದೋ ಆನಂದದ ಶಿಬಿರಕ್ಕ ಇಬ್ಬರ ಹೆಸರೂ ಬರಸಿ ಬಂದಿದ್ಲು.

ಕಲ್ಯಾಣಮಂಟಪದಾಗ ಕುರ್ಚಿ ಹಾಕಿದ್ರು. ಮುಂದ ಬಿಳಿ ಜುಬ್ಬಾದ ಒಬ್ಬ ಮಾಸ್ತರ. ಬೈದ್ರೂ ನಗ್ತಾನ, ಅಂಥಾ ಆಸಾಮಿ. ಎಲ್ಲರ ಅಂಗೈಗೂ ಒಂದೊಂದು ಒಣದ್ರಾಕ್ಷಿ ಕೊಟ್ಟ. “ಮೂಸಿ ನೋಡ್ರಿ. ಕಿವಿ ಹತ್ರ ಹಿಡೀರಿ. ನಾಲಿಗಿ ಮ್ಯಾಲೆ ಇಟ್ಕಳ್ರಿ, ಅಗೀಬ್ಯಾಡ್ರಿ. ಸಂತೋಷ ಅಂದ್ರ ಇದೇ” ಅಂದ. ಥೂ ಇವನ! ಕಿವಿ ಹತ್ರ ಹಿಡದ್ರ ದ್ರಾಕ್ಷಿ ಏನ್ ಮಾತಾಡ್ತೈತಾ? ನಾನು ಬಾಯಿಗಿ ಒಗದು ನುಂಗಿ ಕುಂತೆ. ಅಕ್ಕಪಕ್ಕದ ದೊಡ್ಡ ಮನುಷ್ಯರೆಲ್ಲ ಕಣ್ಣು ಮುಚ್ಕಂಡು ತೂಗಾಡಾಕತ್ತಿದ್ರು.

ನನಗ ರುಚಿ ಹೇಳಿಕೊಡಾಕ ಬಂದಾನ! ನಾನು ಅಕ್ಕಿ ದಲ್ಲಾಳಿ. ನಮ್ಮ ತಾಲೂಕಿನ ಕರೂರಿನ ಗದ್ದೀದಿರಲಿ, ರಾರಾವಿ ಊರಿಂದಿರಲಿ, ಒಂದು ಕಾಳು ಹಲ್ಲಿಗಿ ಕೊಟ್ರ ಸಾಕು: ಇದು ಹೊಸದು, ಇದು ಹೋದ ವರ್ಷದ್ದು, ಇದಕ್ಕ ಗೋಡೌನ್‌ದಾಗ ನೀರು ತಾಗೈತಿ ಅಂತ ಹೇಳ್ತೀನಿ. ಮಿಲ್ಲಿನವರು ಮಿಷನ್ ಇಟ್ಕಂಡಾರ, ಆದ್ರೂ ನನ್ನ ಕರೀತಾರ. ಈ ಮಾತು ಮನ್ಯಾಗ ದಿನಾ ಹೇಳ್ತಿದ್ದೆ.

ಕಡೀಕ ಮಾಸ್ತರ, “ನಿನ್ನಿ ಏನು ಉಂಡ್ರಿ, ಹೆಂಗಿತ್ತು, ಬಾಜುಕ ಕುಂತೋರಿಗಿ ಹೇಳ್ರಿ” ಅಂದ. ಬಾಜುಕ ಕುಂತಾಕಿ ನನ್ನ ಹೆಂಡ್ತಿ. ನನ್ನ ಮುಖಾನೇ ನೋಡಾಕತ್ತಿದ್ಲು.

“ಅನ್ನ, ಸಾರು” ಅಂದೆ.

“ಯಾವ ಸಾರು? ಹೆಂಗಿತ್ತು?”

“ಸಾರು ಅಂದ್ರ ಸಾರು. ಅದಕ್ಕೇನು ಜಾತಕ ಬರಸಬೇಕೇನ?”

ಆಕಿ ಮುಂದಕ ತಿರುಗಿ ಕುಂತ್ಲು. ಬಸ್ಸಿನ್ಯಾಗೂ ಸಿರುಗುಪ್ಪ ಬರೋತನಕ ಕಿಟಕಿ ಕಡೀಗೇ ಮುಖ ಮಾಡಿದ್ಲು.

ಹಂಗ ನೋಡಿದ್ರ ಆಕಿ ಮಾತು ಕಡಿಮಿ ಮಾಡಿ ಬಾಳ ದಿನ ಆಗಿತ್ತು. ಮದಲೆಲ್ಲ ಬಡಿಸಿ, “ಹೆಂಗಾಗೈತ್ರಿ?” ಅಂತ ಕೇಳ್ತಿದ್ಲು. ನಾನು ಫೋನು ಕಿವಿಗಿಟ್ಕಂಡು, ಅಕ್ಕಿ ದರ ಮಾತಾಡ್ಕೋತ ಉಂಡು ಎದ್ದುಬಿಡ್ತಿದ್ದೆ. ಕೇಳೋದು ಬಿಟ್ಲು. ಎದುರಿಗಿದ್ದಾಕಿ ಹಿಂಗ ದೂರ ಆದ್ರ ಮುಂದ ಹೆಂಗಪಾ ಅಂತ ನನಗೂ ಹೆದರಿಕಿ ಹತ್ತಿತ್ತು, ಖರೇ ಹೇಳ್ತೀನಿ.

ಮರುದಿನ ಮಧ್ಯಾಹ್ನ ಫೋನು ಒಳಗ ಇಟ್ಟು ಉಣ್ಣಾಕ ಕುಂತೆ. ಆ ಜುಬ್ಬಾದವನ್ನ ಮನಸಿನ್ಯಾಗೇ ಬೈಕೋತ, ಅವ ಹೇಳಿದಂಗೇ ಸಾವಕಾಶ ಅಗದೆ. ಬಿಸಿ ಅನ್ನ, ಹುಣಸಿಹಣ್ಣಿನ ಹುಳಿ, ಒಗ್ಗರಣಿ ಕರಿಬೇವು, ಹಿಂದ ಒಂಚೂರು ಬೆಲ್ಲ. ಅಬ್ಬಾ, ಏನು ಸಾರು ಅದು! ಎಷ್ಟು ವರ್ಷದ ಮ್ಯಾಲೆ ಉಂಡು ಖುಷಿ ಆತೋ ಏನೋ. ತಡಿಲಾರದ ಅಂದೇಬಿಟ್ಟೆ: “ಸಾರು ಬಾಳ ಚೊಲೋ ಆಗೈತಿ ನೋಡು. ಥೇಟ್ ಕುರುಗೋಡಿನ ನಿಮ್ಮವ್ವನ ಕೈರುಚಿ.”

“ನಮ್ಮವ್ವ ಸಾರಿಗಿ ಬೆಲ್ಲ ಹಾಕಿದ್ದು ನಾ ಕಂಡಿಲ್ಲ” ಅಂದ್ಲು.

“ನೀ ಹಾಕೀಯಲ್ಲ ಮತ್ತ?”

“ನಾ ಮಾಡಿದ್ದಲ್ಲ. ಬಾಜು ಮನಿ ಅಕ್ಕ ಮಾಡಿದ್ದು. ಮೂರು ತಿಂಗಳಾತು, ದಿನಾ ಆಕೀನೇ ಮಾಡಿಕೊಡ್ತಾಳ. ಅನ್ನ ಒಂದು ಹೆಂಗೋ ನಾನೇ ಕುಕ್ಕರಿಗಿ ಇಡ್ತೀನಿ.”

ಸೆರಗಿನೊಳಗಿನ ಬಲಗೈ ಮುಂದಕ ಚಾಚಿದ್ಲು. ಬೆರಳಿನ ಗೆಣ್ಣು ಬಾತಿದ್ವು, ಮಡಚಾಕ ಬರ್ತಿರಲಿಲ್ಲ. ಸೌಟು ಎಡಗೈಯಾಗ ಇತ್ತು. ಎಡಗೈಲೆ ಬಡಿಸೋದು ಯಾರ ಮನ್ಯಾಗ ಐತಿ? ನನ್ನ ಮನ್ಯಾಗ ಮೂರು ತಿಂಗಳಿಂದ ಐತಿ, ನನ್ನ ತಾಟಿಗೇ. ಥೂ ನನ್ನ ಜನ್ಮಕ್ಕ!

“ಹೇಳಬಾರದಾಗಿತ್ತೇನ ನನಗ?” ಅಂದೆ.

“ಒಂದು ಕಾಳು ಹಲ್ಲಿಗಿ ಕೊಟ್ರ ಎಲ್ಲಾ ಗೊತ್ತಾಗ್ತೈತಿ ಅಂತಿದ್ರಲ್ಲ. ಎಷ್ಟು ದಿನಕ್ಕ ಗೊತ್ತಾಗ್ತೈತೋ ನೋಡೂಣು ಅಂತ ಸುಮ್ನಿದ್ದೆ” ಅಂದು, ಎಡಗೈಲೇ ಇನ್ನೊಂದು ಸೌಟು ಹಾಕಿದ್ಲು.